ಕಬ್ಬಿಣದ ಡಬ್ಬಕ್ಕೆ ಮಡಿಲಕ್ಕಿ

ಆಗ ನನಗೆ ಅರವತ್ತೆರಡು. ಈಗ್ಗೆ ಎರಡು ವರ್ಷದ ಮಾತು. ಊರಿನವರು ಮರೆಯುವಷ್ಟು ಹಳೆಯದೇನೂ ಅಲ್ಲ. ಮೊನ್ನೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಿಪಟೂರು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಮಳೆ ಬಂದು ನಿಂತಿತ್ತು. ಉದ್ದನೆಯ ಲಾರಿಯೊಂದು ಬೆನ್ನ ಮೇಲೆ ಕೆಂಪು ಕಬ್ಬಿಣದ ಡಬ್ಬ ಹೊತ್ತುಕೊಂಡು ನನ್ನೆದುರಿಗೇ ತಿರುಗಿತು. ಅದರ ಹಿಂದೆಯೇ ನೆಂದ ತೆಂಗಿನ ಮಟ್ಟೆಪುಡಿಯ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಮೂಗು ಮುಚ್ಚಿಕೊಂಡಳು. ನಾನು ಸೆರಗೆಳೆದು ಮುಖ ಮುಚ್ಚಿಕೊಂಡೆ.

ಆ ಡಬ್ಬವನ್ನು ಓದಿದವರು ಕಂಟೇನರ್ ಅನ್ನುತ್ತಾರೆ. ನಮ್ಮ ಕಣದ ಹೆಂಗಸರಿಗೆ ಅದು ಡಬ್ಬ. ಹಡಗಿನಲ್ಲಿ ಹೋಗುವ ಡಬ್ಬ.

ನಮ್ಮ ಕಡೆ ಕೊಬ್ಬರಿ ಉತ್ತರಕ್ಕೆ ಹೋಗುತ್ತದೆ, ಚಿಪ್ಪು ಇದ್ದಿಲಿಗೆ ಹೋಗುತ್ತದೆ, ಮಟ್ಟೆ ನಾರಿಗೆ ಹೋಗುತ್ತದೆ. ನಾರು ತೆಗೆದ ಮೇಲೆ ಉದುರುವ ಕೆಂಚು ಪುಡಿಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಆ ಪುಡಿಯನ್ನು ತೊಳೆದು, ಒಣಗಿಸಿ, ಮಿಷನ್ನಿನಲ್ಲಿ ಒತ್ತಿ ಇಟ್ಟಿಗೆ ಮಾಡಿದರೆ ಹೊರದೇಶದವರು ಕೊಳ್ಳುತ್ತಾರೆ, ಅದರಲ್ಲಿ ಟೊಮೇಟೊ ಗಿಡ ನೆಡುತ್ತಾರೆ ಎಂದು ನಮಗೆ ಹೇಳಿದವಳು ಶಬಾನಾ. "ಅವರ ದೇಶದಾಗೆ ಮಣ್ಣಿಲ್ವೇನಮ್ಮ?" ಎಂದು ನಾನು ಕೇಳಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಶಬಾನಾ ಇಮಾಮ್ ಸಾಬರ ಮಗಳು. ಕ್ರಾಸಿನಲ್ಲಿ ಪಂಪು, ಟ್ರ್ಯಾಕ್ಟರು ರಿಪೇರಿ ಮಾಡುವ ಇಮಾಮ್ ಸಾಬರನ್ನು ನಮ್ಮ ಕಡೆ ತಿಳಿಯದವರಿಲ್ಲ. ತಾಯಿ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅಪ್ಪ ಹಳೇ ಸಾಮಾನು ಕೂಡಿಸಿ ಇಟ್ಟಿಗೆ ಒತ್ತುವ ಮಿಷನ್ನು ಮಾಡಿಕೊಟ್ಟರು. ಮಗಳು ಅರಳಗುಪ್ಪೆ ದಾರಿಯಲ್ಲಿ ಪಾಳುಬಿದ್ದ ಕೊಬ್ಬರಿ ಶೆಡ್ಡು ಬಾಡಿಗೆಗೆ ಹಿಡಿದು, ಮುಂದೆ ಸಿಮೆಂಟಿನ ಕಣ ಹಾಕಿಸಿದಳು. ಮೊದಮೊದಲು ಇಟ್ಟಿಗೆಯನ್ನು ತಿಪಟೂರಿನ ವ್ಯಾಪಾರಿಗೆ ಕೊಡುತ್ತಿದ್ದಳು. ಅವನು ಅದನ್ನು ತನ್ನ ಹೆಸರು ಹಾಕಿ ಹೊರಗೆ ಕಳಿಸುತ್ತಿದ್ದ. ಆ ವರ್ಷ ತನ್ನ ಹೆಸರಿನಲ್ಲೇ ಕಳಿಸುತ್ತೇನೆಂದು ಹೊರಟಳು. ಗಾಜಿನ ಮನೆಯಲ್ಲಿ ಟೊಮೇಟೊ ಬೆಳೆಯುವ ಒಬ್ಬ ಹೊರದೇಶದವನು ಫೋನಿನಲ್ಲಿ ಒಪ್ಪಿದ್ದ.

ಕಣದಲ್ಲಿ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದಳು: "ಅವನು ಸಸಿ ನೆಡೋದ್ರೊಳಗೆ ಒಂದು ಡಬ್ಬ ಮುಟ್ಟಬೇಕು. ಮಾಲು ಚೊಕ್ಕ ಇರಬೇಕು. ಹಂಗಾದ್ರೆ ವರ್ಷ ಪೂರ್ತಿ ನಮ್ಮ ಹತ್ರಾನೇ ತಗತಾನೆ. ಇಲ್ದಿದ್ರೆ ಲಂಕಾದೋರ ಹತ್ರ ಹೋಯ್ತಾನೆ. ನಾನು ಮಿಷನ್ನು ತಿಪಟೂರಿನೋರಿಗೆ ಮಾರಿ ಅಮ್ಮನ ಜೊತೆ ಗುಂಡಿ ಹೊಲಿತಾ ಕೂರ್ತೀನಿ. ನೀವು ಕೊಬ್ಬರಿ ಸುಲಿಯೋಕೆ ಹೋಗಿ."

ಮೇಸ್ತ್ರಿ ನಾನು. ನನ್ನ ಹೆಸರು ಗಂಗಮ್ಮ, ಕಣದಲ್ಲಿ ಗಂಗಮ್ಮಜ್ಜಿ. ನನಗೆ ಬರುವ ಅಕ್ಷರ ಮೂರನೇ ಕ್ಲಾಸಿನದು, ಆದರೆ ಗಂಟಲು ದೊಡ್ಡದು. ಮಟ್ಟೆಪುಡಿಯಲ್ಲಿ ಒಂದು ಕಳೆಯ ಬೀಜವಿದ್ದರೂ ಆ ದೇಶದ ಪರೀಕ್ಷೆಯವರು ಒಳಕ್ಕೆ ಬಿಡುವುದಿಲ್ಲವೆಂದು ಶಬಾನಾ ಹೇಳಿದ್ದಳು. ಕಣದ ಸುತ್ತ ಒಂದು ಗರಿಕೆ ಏಳದಂತೆ ನಾನು ಕೀಳಿಸಿದೆ. ಹೂ ಮುಡಿದು ಬರಬೇಡಿ, ಬುತ್ತಿ ಶೆಡ್ಡಿನ ಹೊರಗೆ ಉಣ್ಣಿ ಎಂದು ನಿಯಮ ಮಾಡಿದೆ. ಒಂದು ದಿನ ಪಾರ್ವತಿ ಸೊಂಟಕ್ಕೆ ಸಿಕ್ಕಿಸಿದ ಗಂಟಿನಿಂದ ಕಡಲೆಕಾಯಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಪಾರ್ವತಿ ನಮ್ಮ ಬೀದಿಯವಳೇ, ಮಾತಿನಲ್ಲಿ ಚುರುಕು. ಎಲ್ಲರ ಮುಂದೆ ಅವಳ ಮಡಿಲು ಬಿಚ್ಚಿಸಿ, ಕೊಡವಿಸಿ, ಆವತ್ತಿನ ಮಟ್ಟಿಗೆ ಮನೆಗೆ ಕಳಿಸಿದೆ.

"ನಾಕು ಕಾಳು ಕಡ್ಲೇಕಾಯಿಗೆ ಇಷ್ಟು ಮಾನ ತೆಗೀತೀಯಲ್ಲಜ್ಜೀ" ಎಂದು ಅತ್ತುಕೊಂಡು ಹೋದಳು.

"ಬೀಜ ಬೀಜಾನೇ ಕಣೇ" ಎಂದೆ.

ಆ ಬೇಸಿಗೆಯಲ್ಲಿ ಹಡಗುಗಳಿಗೆ ಸರಕು ಕಡಿಮೆಯಿತ್ತಂತೆ. ಮಂಗಳೂರಿನಿಂದ ದಿನಕರ ಎಂಬ ಏಜೆಂಟು ಬಂದ. ಹಡಗಿನವರಿಗೂ ನಮ್ಮಂಥವರಿಗೂ ನಡುವೆ ನಿಂತು ಡಬ್ಬ ಗೊತ್ತುಮಾಡಿಕೊಡುವುದು ಅವನ ಕೆಲಸ. ಅವನು ಹೋದ ಬೆನ್ನಿಗೇ ಚೆನ್ನೈ ಕಡೆಯಿಂದ ಇನ್ನೊಬ್ಬ ಬಂದ. ಒಬ್ಬ ನಮ್ಮ ಬಂದರು ನಿಮಗೆ ಹತ್ತಿರ ಅಂದ. ಇನ್ನೊಬ್ಬ ನಮ್ಮ ಬಂದರಿಗೆ ಹಡಗು ಜಾಸ್ತಿ ಅಂದ. ಇವನು ಬಾಡಿಗೆ ಇಳಿಸಿದ್ದು ತಿಳಿದು ಅವನು ಫೋನು ಮಾಡಿ ಇನ್ನೂ ಇಳಿಸಿದ. ದಿನಕರ ಗೋಡೆ ಗಡಿಯಾರ ತಂದುಕೊಟ್ಟ. ಚೆನ್ನೈಯವನು ಮಿಠಾಯಿ ಕಳಿಸಿದ.

"ನೋಡಜ್ಜಿ, ಹೆಣ್ಣು ನೋಡೋಕೆ ಒಂದೇ ಸಲ ಎರಡು ಕಡೆಯೋರು ಬಂದಂಗೈತೆ" ಎಂದು ಶಬಾನಾ ನಗುತ್ತಿದ್ದಳು.

"ಇಬ್ರಿಗೂ ಕಾಫಿ ಕೊಡು. ಮಾತು ಮಾತ್ರ ನಿಧಾನಕ್ಕೆ ಕೊಡು" ಎಂದೆ.

ಹತ್ತಿರವೆಂದು ಅವಳು ಮಂಗಳೂರಿಗೇ ಮಾತು ಕೊಟ್ಟಳು.

ಆಮೇಲೆ ಆಷಾಢ ಬಂತು. ನಮ್ಮದು ಸುರಿದು ಹೋಗುವ ಮಳೆಯಲ್ಲ, ದಿನವಿಡೀ ಹಿಟ್ಟು ಜರಡಿ ಹಿಡಿದಂತೆ ಉದುರುವ ಮಳೆ. ಬಿಸಿಲಿಲ್ಲ, ಪುಡಿ ಒಣಗುವುದಿಲ್ಲ. ಒಂದು ಗಳಿಗೆ ಮೋಡ ಬಿಟ್ಟರೆ ಹರವುವುದು, ಹನಿ ಬಿದ್ದರೆ ಓಡಿ ಬಂದು ಗುಡ್ಡೆ ಎಳೆದು ಟಾರ್ಪಾಲು ಹೊದಿಸುವುದು. ಒತ್ತಿಟ್ಟ ಇಟ್ಟಿಗೆ ಶೆಡ್ಡಿನ ತುಂಬ ಚಾವಣಿಯವರೆಗೆ ನಿಂತಿತ್ತು. ಅದಕ್ಕೆ ತೇವ ತಗುಲಿದರೆ ಉಬ್ಬಿ ಬಿರಿದು ಹೋಗುತ್ತದೆ. ಕೆಳಗಿನ ಸಾಲನ್ನು ಮೇಲಕ್ಕೆ, ಗೋಡೆ ಪಕ್ಕದ್ದನ್ನು ನಡುವಿಗೆ ತಿರುಗಿಸಿಡುವುದೇ ನಮ್ಮ ಕೆಲಸವಾಯಿತು. ಕೈಯೆಲ್ಲ ಕೆಂಚಾಗಿ, ಉಗುರಿನ ಸಂದಿಯಲ್ಲಿ ಪುಡಿ ಕೂತು, ಮುದ್ದೆ ಮುರಿದರೂ ಮಟ್ಟೆ ವಾಸನೆ.

ಡಬ್ಬ ಬರಲಿಲ್ಲ. ಎಲ್ಲೋ ಅರಬರ ಕಡೆಯ ಸಮುದ್ರದಲ್ಲಿ ಜಗಳವೆದ್ದು, ಹತ್ತಿರದ ದಾರಿ ಬಿಟ್ಟು ಹಡಗುಗಳೆಲ್ಲ ಸುತ್ತಿ ಬಳಸಿ ಹೋಗುತ್ತಿವೆ, ಹೋದ ಡಬ್ಬ ತಿರುಗಿ ಬರುತ್ತಿಲ್ಲ ಎಂದರು. ಚೆನ್ನೈಯವನು ಫೋನೇ ಎತ್ತಲಿಲ್ಲ. ದಿನಕರ ಎತ್ತುತ್ತಿದ್ದ, ಎತ್ತಿ "ಮುಂದಿನ ವಾರ" ಎನ್ನುತ್ತಿದ್ದ. ಇಷ್ಟರಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಲಾರಿಯೂ ನಿಂತಿತು. ಶಬಾನಾ ಶೆಡ್ಡಿನ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿರುತ್ತಿದ್ದಳು. ಕಟ್ಟಿಕೊಂಡು ಬಂದ ಬುತ್ತಿ ಹಾಗೇ ವಾಪಸು ಹೋಗುತ್ತಿತ್ತು.

ಘಾಟಿ ಬಿಟ್ಟ ಮೇಲೆ ದಿನಕರ ಒಂದು ದಿನ ಛತ್ರಿ ಹಿಡಿದುಕೊಂಡು ಬಂದ. ಮುಖ ತೋರಿಸಿದನಲ್ಲ, ಅದು ಅವನ ದೊಡ್ಡತನ.

"ಹಡಗು ಉಂಟು, ಡಬ್ಬ ಇಲ್ಲ. ಡಬ್ಬ ಸಿಕ್ಕಿದರೆ ಹಡಗಿನಲ್ಲಿ ಜಾಗ ಇಲ್ಲ. ಎಂಥ ಮಾಡುವುದು ಹೇಳಿ ಮಾರಾಯ್ರೆ?" ಎಂದ.

ಪಾರ್ವತಿ ಗುದ್ದಲಿ ಊರಿಕೊಂಡು ನಿಂತಳು. "ಬೇಸಿಗೇಲಿ ಬಂದು ಗಡಿಯಾರ ಕೊಟ್ರಲ್ಲ ಸ್ವಾಮಿ, ಅದನ್ನ ನೋಡ್ಕಂಡು ಕೂತಿರ್ಲಿ ಅಂತಲಾ?"

ಎಲ್ಲರೂ ನಕ್ಕರು, ದಿನಕರನೂ ನಕ್ಕ. ಆಮೇಲೆ ಮೆಟ್ಟಿಲ ಮೇಲೆ ಕೂತು ಬಿಡಿಸಿ ಹೇಳಿದ. ದೊಡ್ಡ ಹಡಗು ನಮ್ಮ ಬಂದರಿಗೆ ಬರುವುದಿಲ್ಲ. ಇಲ್ಲಿಂದ ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ಬದಲಾಯಿಸಬೇಕು. ಈಗ ದೊಡ್ಡ ಹಡಗು ತಡವಾಗಿ ಬರುತ್ತದೆ, ಕಳೆದ ಹೊತ್ತನ್ನು ತುಂಬಿಕೊಳ್ಳಲು ಎಷ್ಟೋ ಕಡೆ ನಿಲ್ಲದೆ ಹೋಗುತ್ತದೆ. ಈ ಬಂದರಿನವರು ನಮ್ಮಲ್ಲಿ ಹಡಗು ನಿಲ್ಲುವ ಕಟ್ಟೆಗೆ ಮೊದಲು ಬಿಡುತ್ತೇವೆ ಬನ್ನಿ ಅನ್ನುತ್ತಾರೆ, ಆ ಬಂದರಿನವರು ನಮ್ಮಲ್ಲಿ ಸುಂಕ ಕಡಿಮೆ ಬನ್ನಿ ಅನ್ನುತ್ತಾರೆ. ಹಡಗಿನವರು ಸರಕು ಎಲ್ಲಿ ಹೆಚ್ಚೋ ಅತ್ತ ತಿರುಗಿಸುತ್ತಾರೆ. ಒಂದು ಡಬ್ಬದವರ ಮಾತು ಯಾರಿಗೂ ಕೇಳಿಸುವುದಿಲ್ಲ.

ನನಗೆ ಚಿಕ್ಕನಾಯಕನಹಳ್ಳಿ ದಾರಿಯ ಎರಡು ಪ್ರೈವೇಟ್ ಬಸ್ಸು ನೆನಪಾಯಿತು. ಜನವಿಲ್ಲದ ದಿನ ಮನೆ ಮುಂದೆ ನಿಲ್ಲಿಸಿಕೊಂಡು, ನಾವು ಸೀರೆ ಉಟ್ಟು ಮುಗಿಸುವ ತನಕ ಹಾರನ್ ಹೊಡೆಯುತ್ತಾರೆ. ಸಂತೆ ದಿನ ರಸ್ತೆಗೆ ಅಡ್ಡ ನಿಂತರೂ ಬಳಸಿಕೊಂಡು ಹೋಗುತ್ತಾರೆ.

"ಹಂಗಾದ್ರೆ ನಾವು ಕ್ರಾಸಿನೋರಲ್ಲ, ಒಳಗಿನ ಹಳ್ಳಿಯೋರು ಅನ್ನಪ್ಪ" ಎಂದೆ.

"ಅದೇ ಅಮ್ಮ. ಕೊಲಂಬೊ ಕ್ರಾಸು" ಎಂದ.

ಗೌರಿ ಹಬ್ಬ ಕಳೆದ ಮೇಲೆ ಡಬ್ಬ ಬಂತು. ಇನ್ನೊಂದು ಹಡಗಿನ ಕಂಪನಿ ತನ್ನ ಹೊಸ ಸಣ್ಣ ಹಡಗನ್ನು ನಮ್ಮ ಬಂದರಿಗೆ ಬಿಟ್ಟಿತಂತೆ, ಹಳಬರು ಗಿರಾಕಿ ತಪ್ಪೀತೆಂದು ಹೆದರಿ ನಾಲ್ಕು ಡಬ್ಬ ಈ ಕಡೆ ತಳ್ಳಿದರಂತೆ. ಅವರವರ ಜಿದ್ದಿನಲ್ಲಿ ನಮಗೊಂದು ದಕ್ಕಿತು. ಬೆಳಿಗ್ಗೆ ಲಾರಿ ಕಣಕ್ಕೆ ಹಿಂದೆ ಹಿಂದೆ ಬಂದು ನಿಂತಾಗ ಹೆಂಗಸರು ಕೂಗಿಬಿಟ್ಟರು. ಶಬಾನಾ ಚಪ್ಪಲಿ ಬಿಟ್ಟು ಒಳಗೆ ಹತ್ತಿ, ಟಾರ್ಚು ಹಿಡಿದು, ಮೂಲೆ ಮೂಲೆ ತಾನೇ ಗುಡಿಸಿದಳು. ಇಳಿದು ಬಂದು ನನಗೆ ಹೇಳಿದಳು:

"ಅಜ್ಜಿ, ಪೂಜೆ ಹೊರಗಡೆ ಚೆನ್ನಾಗಿ ಮಾಡಿ. ಟೈರಿಗೆ ನಿಂಬೆಹಣ್ಣಿಡಿ, ಕಾಯಿ ಒಡೀರಿ, ಬ್ಯಾಡ ಅನ್ನಾಕಿಲ್ಲ ನಾನು. ಒಳಕ್ಕೆ ಮಾತ್ರ ಒಂದು ಎಲೆ ಚೂರೂ ಹೋಗಬಾರ್ದು."

"ನಂಗೇ ಹೇಳ್ತೀಯಾ? ಊರಿಗೆಲ್ಲ ಹೇಳೋಳು ನಾನು" ಎಂದೆ.

ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದೆವು. ಮಧ್ಯಾಹ್ನ ತಿರುಗುವ ಹೊತ್ತಿಗೆ ಬಾಗಿಲ ಹತ್ತಿರದ ಕೊನೆಯ ಸಾಲು ಉಳಿದಿತ್ತು. ಎಲ್ಲರೂ ಟೀ ಕುಡಿಯಲು ಹೋದರು. ನಾನು ಒಳಗೆ ಹತ್ತಿದೆ.

ಬೆಳಿಗ್ಗೆಯೇ ಮನೆಯಿಂದ ಕಟ್ಟಿಕೊಂಡು ಬಂದಿದ್ದೆ. ಗಿಳಿಹಸಿರು ರವಿಕೆ ಬಟ್ಟೆ, ಹಳದಿ ಅಂಚಿನದು, ಹಬ್ಬಕ್ಕೆಂದು ಶಬಾನಾಳ ತಾಯಿಯೇ ನನಗೆ ಕೊಟ್ಟದ್ದು. ಅದರಲ್ಲಿ ಜುಟ್ಟಿನ ಕಾಯಿ, ಅಕ್ಕಿ, ಅರಿಶಿನದ ಕೊನೆ, ಎಲೆ ಅಡಿಕೆ. ನಮ್ಮ ಅತ್ತೆ ಮನೆಯಲ್ಲಿ ಮಡಿಲಕ್ಕಿಯ ಜೊತೆಗೆ ಒಂದು ಹಿಡಿ ರಾಗಿ ಹಾಕುವುದು ರೂಢಿ. ಅದನ್ನೂ ಹಾಕಿದ್ದೆ. ನಾನು ಮೂರು ಹೆಣ್ಣುಮಕ್ಕಳನ್ನು ಕಳಿಸಿದವಳು. ಮಡಿಲು ತುಂಬದೆ ಒಬ್ಬಳನ್ನೂ ಹೊಸಿಲು ದಾಟಿಸಿಲ್ಲ. ಈ ಡಬ್ಬ ಶಬಾನಾಳ ಮೊದಲನೆಯದು, ಕಾಣದ ಊರಿಗೆ ಹೋಗುವುದು, ಬರಿ ಮಡಿಲಲ್ಲಿ ಹೇಗೆ ಕಳಿಸುವುದು? ಇಟ್ಟಿಗೆಗೂ ಕಬ್ಬಿಣದ ಗೋಡೆಗೂ ನಡುವಿನ ಸಂದಿನಲ್ಲಿ ಗಂಟನ್ನು ಇಳಿಬಿಟ್ಟೆ.

ಬೀಜ ಕೂಡದೆಂದು ನನಗೆ ತಿಳಿದಿರಲಿಲ್ಲವೇ? ಬೇರೆಯವರಿಗಿಂತ ಚೆನ್ನಾಗಿ ತಿಳಿದಿತ್ತು. ಆದರೆ ಪಾರ್ವತಿಯ ಕಡಲೆಕಾಯಿ ಬೀಜ, ನನ್ನ ಹಿಡಿ ರಾಗಿ ದೇವರದು ಎಂದು ನನ್ನ ಲೆಕ್ಕ. ಇನ್ನೂ ಒಂದು ಅಂದುಕೊಂಡೆ. ಇವಳ ಜನದಲ್ಲಿ ಮಡಿಲಕ್ಕಿ ಇಲ್ಲ, ಅದಕ್ಕೇ ಬೆಲೆ ಗೊತ್ತಿಲ್ಲದೆ ಬೇಡ ಅನ್ನುತ್ತಾಳೆ ಎಂದುಕೊಂಡೆ. ನಾನು ಮುಖ ಮುಚ್ಚಿಕೊಳ್ಳುವುದು ರಾಗಿಗಿಂತ ಹೆಚ್ಚಾಗಿ ಈ ಮಾತಿಗೆ. ಅವಳು ಬೇಡವೆಂದದ್ದು ಆ ಹೊರದೇಶದವನ ಕಟ್ಟಳೆ ಬಲ್ಲವಳಾಗಿ. ನಾನು ಅವಳ ಜಾತಿ ನೋಡಿದೆ.

ಡಬ್ಬಕ್ಕೆ ಸೀಲು ಹಾಕಿದರು. ಕಾಯಿ ಒಡೆದೆ. ಲಾರಿ ಹೋಯಿತು. ನಾನು ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಸಿಕ್ಕಿದವರಿಗೆಲ್ಲ "ನಮ್ಮ ಮಾಲು ಹಡಗು ಹತ್ತೈತೆ" ಎಂದು ಹೇಳಿಕೊಂಡು ತಿರುಗಿದೆ.

ಶಬಾನಾ ದಿನಾ ಫೋನಿನಲ್ಲಿ ಭೂಪಟ ತೆಗೆದು ಒಂದು ಚುಕ್ಕಿ ತೋರಿಸುತ್ತಿದ್ದಳು. ಅದು ನಮ್ಮ ಡಬ್ಬ. ಚುಕ್ಕಿ ಕೊಲಂಬೊಗೆ ಹೋಗಿ ಕೂತುಬಿಟ್ಟಿತು. ಬರಬೇಕಾದ ದೊಡ್ಡ ಹಡಗು ಅಲ್ಲಿ ನಿಲ್ಲದೆ ಹೋಯಿತು. ನವರಾತ್ರಿ ಬಂದರೂ ಚುಕ್ಕಿ ಅಲ್ಲೇ. "ಕ್ರಾಸಲ್ಲಿ ಬಸ್ಸು ತಪ್ಪೈತೆ ಬುಡಿ" ಎಂದು ಪಾರ್ವತಿ ದಿನಾ ಅನ್ನುತ್ತಿದ್ದಳು. ಕೊನೆಗೆ ಹೊರಟು, ದೊಡ್ಡ ದೇಶವೊಂದರ ಕಾಲಡಿಯನ್ನೆಲ್ಲ ಸುತ್ತಿಕೊಂಡು ಮೇಲಕ್ಕೆ ಹತ್ತತೊಡಗಿತು. ಅಷ್ಟು ದಿನ ಬಿಸಿಲಿಗೆ ಕಾದ ಕಬ್ಬಿಣದೊಳಗೆ ಇದ್ದು, ಆಮೇಲೆ ತಣ್ಣನೆಯ ಸಮುದ್ರಕ್ಕೆ ಹೋದರೆ ಡಬ್ಬದ ಚಾವಣಿ ಬೆವರಿ ಒಳಗೆ ಹನಿ ಬೀಳುತ್ತದಂತೆ. ಅದು ನಮಗೆ ಆಮೇಲೆ ತಿಳಿದದ್ದು.

ಮೊದಲ ಡಬ್ಬ ಹಡಗು ಹತ್ತಿದ ಧೈರ್ಯಕ್ಕೆ ಕೊಳ್ಳುವವನು ಎರಡನೆಯದಕ್ಕೂ ಹೂಂ ಅಂದಿದ್ದ. ನಾವು ಮತ್ತೆ ಇಟ್ಟಿಗೆ ಒತ್ತಿ ಸೇರಿಸಿದ್ದೆವು. ಕಾರ್ತಿಕ ಕಳೆದು ಚಳಿ ಬಿದ್ದಿತ್ತು. ಮಾರನೆಯ ದಿನ ಎರಡನೇ ಡಬ್ಬ ತುಂಬಬೇಕು ಅನ್ನುವಾಗ ಮಧ್ಯಾಹ್ನ ಶಬಾನಾಳ ಫೋನಿಗೆ ಕೊಳ್ಳುವವನಿಂದ ಒಂದು ಫೋಟೋ ಬಂತು. ಅವಳು ನೋಡಿದಳು. ಮಿಷನ್ನಿನ ಹತ್ತಿರವಿದ್ದ ಅಪ್ಪನನ್ನು ಕೂಗಿದಳು. ಇಮಾಮ್ ಸಾಬರು ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಪಾರ್ವತಿ ಹಿಂದಿನಿಂದ ಇಣುಕಿದಳು. "ಅಯ್ಯೋ, ಇದು ಗಂಗಮ್ಮಜ್ಜಿ ರವಿಕೆ ಬಟ್ಟೆ ಅಲ್ವೇನ್ರೇ?"

ನಾನು ಹೋಗಿ ನೋಡಿದೆ. ಕೈಗವಸು ಹಾಕಿದ ಯಾರದೋ ಕೈ ಆ ಗಂಟನ್ನು ಹಿಡಿದಿತ್ತು. ಬಟ್ಟೆಯ ಎಳೆ ಎಳೆಯಿಂದ ರಾಗಿ ಮೊಳಕೆ ಹೊರಬಂದಿತ್ತು, ಬಿಳಿ ಬೇರು, ಬಣ್ಣಗೆಟ್ಟ ಚಿಗುರು. ಕಾಯಿ ಕಪ್ಪಾಗಿತ್ತು. ಅಕ್ಕಿಯಲ್ಲಿ ಹುಳ. ಬಾಗಿಲು ತೆಗೆದ ಕೂಡಲೇ ಪರೀಕ್ಷೆಯವನ ಕಾಲ ಬಳಿ ಬಿತ್ತಂತೆ.

"ಸುಟ್ಟುಬಿಡ್ತಾರಂತೆ ಎಲ್ಲಾನೂ" ಎಂದಳು ಶಬಾನಾ.

"ಇಟ್ಟಿಗೇನೂವಾ?" ಯಾರೋ ಕೇಳಿದರು.

"ಎಲ್ಲಾನೂ. ಈ ಸಲದ ಸಸಿಗೆ ಲಂಕಾದೋರ ಹತ್ರ ತಗತಾನಂತೆ. ನಾಳೆದು ಕಳಿಸಿ, ನೋಡ್ತೀನಿ ಅಂದವ್ನೆ. ಅದರಾಗೆ ಒಂದು ಎಲೆ ಕಂಡರೂ ಮತ್ತೆ ನಂಗೆ ಬರೀಬೇಡಿ ಅಂದವ್ನೆ."

ಆಷಾಢದಲ್ಲಿ ಮಗುವನ್ನು ಮಗ್ಗುಲು ತಿರುಗಿಸಿದಂತೆ ತಿರುಗಿಸಿಟ್ಟ ಇಟ್ಟಿಗೆ ಅದು. ಪಾರ್ವತಿ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು. "ನಂದು ನಾಕು ಕಾಳು ಕಣಜ್ಜೀ. ಅದೂ ಹುರಿದಿದ್ದು. ಹುರಿದಿದ್ದು ಮೊಳೀತದಾ?"

"ಸುಮ್ಕಿರೇ ಪಾರ್ವತಿ" ಎಂದಳು ಶಬಾನಾ. ನನ್ನ ಕಡೆ ತಿರುಗಿ, "ಬಿಡಿ ಅಜ್ಜಿ" ಎಂದಳು. ಬೈಗುಳವಾದರೆ ನನಗೆ ತಿರುಗಿ ಬೈಯಲು ಬರುತ್ತದೆ. ಪೊರಕೆ ಎತ್ತಿಕೊಂಡು, ಗುಡಿಸಿದ ಕಣವನ್ನೇ ಮತ್ತೆ ಗುಡಿಸತೊಡಗಿದೆ.

ಕೊಳ್ಳುವವನಿಗೆ ಏನೆಂದು ಉತ್ತರ ಬರೆದೆ ಎಂದು ಇಮಾಮ್ ಸಾಬರು ಮಗಳನ್ನು ಕೇಳಿದರು. "ನಮ್ಮ ಮನೆ ಹಿರಿಯೋರು ಹರಸಿ ಇಟ್ಟಿದ್ರು, ಹೇಳಿಕೊಡದೆ ಇದ್ದಿದ್ದು ನನ್ನ ತಪ್ಪು ಅಂತ ಬರೆದೆ ಅಬ್ಬಾ" ಎಂದಳು. ಹೇಳಿಕೊಡದೆ ಇದ್ದಿದ್ದು! ಅವಳು ಎಷ್ಟು ಸಲ ಹೇಳಿದ್ದಳೆಂದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು.

ಸಂಜೆ ಶಬಾನಾ ದಿನದ ಹಾಗೆಯೇ ಸ್ಕೂಟರ್ ತಂದು ನನ್ನ ಮುಂದೆ ನಿಲ್ಲಿಸಿದಳು. ನಡೆದು ಹೋಗುತ್ತೇನೆ ಅಂದೆ. "ಹತ್ತಿ ಅಜ್ಜಿ, ಕತ್ತಲಾಯ್ತದೆ" ಎಂದಳು. ಹಿಂದೆ ಕೂತರೆ ನಾನು ಅವಳ ಸೊಂಟ ಹಿಡಿದುಕೊಳ್ಳುವುದು. ಆವತ್ತು ಹಿಡಿಯಲು ಕೈ ಏಳಲಿಲ್ಲ, ಹಿಂದಿನ ಕಬ್ಬಿಣದ ಕಂಬಿ ಹಿಡಿದು ಕೂತೆ. ಹಳ್ಳ ಹತ್ತಿ ಇಳಿದಾಗ ಅವಳೇ ಒಂದು ಕೈ ಹಿಂದಕ್ಕೆ ಚಾಚಿ ನನ್ನ ಕೈ ಎಳೆದು ಸೊಂಟಕ್ಕೆ ಇಟ್ಟುಕೊಂಡಳು.

ಮನೆಯ ಮುಂದೆ ಇಳಿದು ಹೇಳಿದೆ: "ನಾಳೆಯಿಂದ ಬರಬ್ಯಾಡ ಅಂದ್ಬುಡಮ್ಮ. ನಂಗೂ ಸಲೀಸು."

"ಬೇಗ ಬನ್ನಿ ನಾಳೆ. ಡಬ್ಬ ತುಂಬಬೇಕು" ಎಂದು ಸ್ಕೂಟರ್ ತಿರುಗಿಸಿದಳು.

ಆ ಎರಡನೇ ಡಬ್ಬ ಚೊಕ್ಕವಾಗಿಯೇ ಹೋಗಿ ಮುಟ್ಟಿತು. ಮಿಷನ್ನು ಮಾರಲಿಲ್ಲ, ಕಣ ಈಗಲೂ ನಡೆಯುತ್ತಿದೆ. ಹಡಗಿನವರು ಈಗಲೂ ಒಂದು ತಿಂಗಳು ಬಾಗಿಲಿಗೆ ಬರುತ್ತಾರೆ, ಒಂದು ತಿಂಗಳು ಫೋನು ಎತ್ತುವುದಿಲ್ಲ. ಇಟ್ಟಿಗೆ ಹೋಗಿ ಮುಟ್ಟಿದ್ದಕ್ಕೆ ನನ್ನ ನಾಚಿಕೆ ಕರಗಲಿಲ್ಲ.

ಫೋಟೋ ಬಂದ ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಹೋಗಿ ಕಣದ ಗೇಟಿನ ಹೊರಗೆ ನಿಂತೆ. ಲಾರಿ ಬಂದಿತ್ತು. ಹೆಂಗಸರು ಒಬ್ಬೊಬ್ಬರಾಗಿ ನನ್ನನ್ನು ದಾಟಿಕೊಂಡು ಒಳಗೆ ಹೋದರು. ಪಾರ್ವತಿ ಬಂದಾಗ ಕೈ ಅಡ್ಡ ಹಿಡಿದೆ.

"ನನ್ನ ತಡಕಿ ನೋಡೇ" ಎಂದೆ.

"ಥೂ, ಹೋಗಜ್ಜಿ ಅತ್ಲಾಗೆ."

"ಎಲ್ಲರ ಮುಂದೆ ನಿನ್ನ ತಡಕಿದ್ದೆ ನಾನು. ನೋಡು. ನೋಡ್ದೆ ಒಳೀಕೆ ಬರಾಕಿಲ್ಲ."

ಶಬಾನಾ ಡಬ್ಬದ ಬಾಗಿಲಲ್ಲಿ ಪೊರಕೆ ಹಿಡಿದು ನಿಂತು ನೋಡುತ್ತಿದ್ದಳು. ಎರಡು ಕೈ ಅಗಲ ಮಾಡಿ ನಿಂತೆ. ಪಾರ್ವತಿ ನನ್ನ ಸೆರಗು ಕೊಡವಿದಳು, ಎಲೆ ಅಡಿಕೆ ಸಂಚಿ ಕಿತ್ತು ಗೇಟಿನ ಕಂಬಕ್ಕೆ ನೇತುಹಾಕಿದಳು, ಸೊಂಟದ ಮಡಿಲು ಬಿಚ್ಚಿ ಒದರಿದಳು. ಒಂದು ರಾಗಿ ಕಾಳು ಗೇಟಿನ ಮುಂದಿನ ಸಿಮೆಂಟಿನ ಮೇಲೆ ಬಿದ್ದು ಉರುಳಿತು. ಕೂತುಕೊಂಡು, ಬೆರಳಿಗೆ ಎಂಜಲು ಹಚ್ಚಿ ಅದನ್ನು ಅಂಟಿಸಿ ತೆಗೆದು, ಬಾಯಿಗೆ ಹಾಕಿಕೊಂಡು ನುಂಗಿದೆ. ಆಮೇಲೆ ಒಳಕ್ಕೆ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.